ಬೇಚರಾಕ್ ದೊಣೆಬಂಡೆ

ತನ್ನೂರಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ ಎಂಬ ಸಂಗತಿ ಸಣ್ಣರಂಗಯ್ಯನಿಗೆ ಗೊತ್ತಾಗಿದ್ದು ಅವನ ಐವತ್ತೇಳನೇ ವಯಸ್ಸಿನಲ್ಲಿ. ಅದೂ ಬೆಳಗ್ಗೆ ಹನ್ನೊಂದು ಗಂಟೆಗೆ, ತಾಲೂಕು ಕಚೇರಿಯ ಕಿಟಕಿಯ ಹೊರಗೆ, ನೆತ್ತಿ ಸುಡುವ ಬಿಸಿಲಲ್ಲಿ.

ಊರಿಗೆ ನಲ್ಲಿ ನೀರು ಬೇಕು ಎಂದು ಏಳನೇ ಅರ್ಜಿ ಹಿಡಿದು ಹೋಗಿದ್ದ. ಒಳಗೆ ಫ್ಯಾನಿನಡಿ ಕೂತಿದ್ದ ಗುಮಾಸ್ತ ಅದನ್ನು ಪೂರ್ತಿ ಓದಲೂ ಇಲ್ಲ.

“ದೊಣೆಬಂಡೆಗೆ ನಲ್ಲಿ ಯಾಕಯ್ಯಾ? ಅಲ್ಲಿ ಜನಾನೇ ಇಲ್ವಲ್ಲ.”

“ನಾನು ಅಲ್ಲಿಂದ್ಲೇ ಬಂದಿವ್ನಿ ಸ್ವಾಮಿ.”

“ನೀನು ಎಲ್ಲಿಂದಾದ್ರೂ ಬಾ. ಇಲ್ನೋಡು.”

ಗುಮಾಸ್ತ ಕಂಪ್ಯೂಟರನ್ನು ಕಿಟಕಿಯ ಕಡೆ ತಿರುಗಿಸಿದ. ಸಣ್ಣರಂಗಯ್ಯ ಮೂರನೇ ಕ್ಲಾಸಿನವರೆಗೆ ಓದಿದವನು. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ. ದೊಣೆಬಂಡೆ, ಬೇಚರಾಕ್. ಕುಟುಂಬಗಳು ಸೊನ್ನೆ. ಜನಸಂಖ್ಯೆ ಸೊನ್ನೆ.

“ಇದ್ರಲ್ಲಿ ಇಲ್ಲ ಅಂದ್ರೆ ಇಲ್ಲ,” ಎಂದು ಗುಮಾಸ್ತ ಅರ್ಜಿಯನ್ನು ಕಂಬಿಯ ಸಂದಿಯಿಂದ ಹೊರಗೆ ತಳ್ಳಿದ. ಪಕ್ಕದ ಮೇಜಿನವನು, “ಬೇಚರಾಕ್ ಗ್ರಾಮದ ಸಮಸ್ತ ನಿವಾಸಿಗಳ ಮನವಿ ಅಂತೆ, ಮತ್ತೆ ಬಂದಿದೆ ನೋಡ್ರೀ!” ಎಂದ. ಇಬ್ಬರೂ ನಕ್ಕರು. ಅವರು ಯಾಕೆ ನಗುತ್ತಿದ್ದಾರೆ ಎನ್ನುವುದು ಸಣ್ಣರಂಗಯ್ಯನಿಗೆ ತಿಳಿಯಲಿಲ್ಲ. ಆರು ಅರ್ಜಿಗೂ ಅವರು ಹೀಗೇ ನಕ್ಕಿದ್ದರು.

ಮೂವತ್ತೊಂದು ವರ್ಷದಿಂದ ಅವನು ಇದೇ ಸರ್ಕಾರದ ಕೆಲಸ ಮಾಡಿಕೊಂಡು ಬಂದಿದ್ದ. ಕಾಗದದಲ್ಲಿ ಗ್ರಾಮ ಸಹಾಯಕ, ಜನರ ಬಾಯಲ್ಲಿ ತೋಟಿ. ಅವನಪ್ಪ ದೊಡ್ಡಹನುಮಯ್ಯನೂ ತೋಟಿಯೇ. ಹುದ್ದೆಯ ಹೆಸರು ಬದಲಾಯಿತು, ಹೊರುವುದು ಬದಲಾಗಲಿಲ್ಲ. ಸರ್ವೆಯವರು ಬಂದರೆ ಸರಪಳಿ ಹೊರಬೇಕು. ಜಾಲಿ ಮುಳ್ಳಿನೊಳಗೆ ನುಗ್ಗಿ ಅದರ ತುದಿ ಹಿಡಿದು ನಿಲ್ಲಬೇಕು. ಗಡಿಕಲ್ಲು ಹೊತ್ತು ಗುಡ್ಡ ಹತ್ತಬೇಕು. ಎಡ ಹೆಗಲಿನ ಮೇಲೆ ನಿಂಬೆಹಣ್ಣಿನ ಗಾತ್ರದ ಗಂಟು ಎದ್ದಿದೆ, ಅದು ಕಲ್ಲು ಕೂತ ಜಾಗ. ಚುನಾವಣೆ ಬಂದರೆ ಪೆಟ್ಟಿಗೆ ಹೊರಬೇಕು, ಗಣತಿ ಬಂದರೆ ಮೇಷ್ಟರ ಚೀಲ ಹೊರಬೇಕು. ಮುದ್ದಗೊಂಡನಹಳ್ಳಿಯ ಒಂದೊಂದು ಮನೆಯ ಗೋಡೆಗೂ ನಂಬರು ಬರೆದವನು ಇವನೇ. ಗೋಡೆಗೆ ಬರೆಯಬಹುದು, ಹೊಸ್ತಿಲು ದಾಟುವಂತಿಲ್ಲ. ಬಾಯಾರಿದೆ ಎಂದರೆ ಚೊಂಬಿನಿಂದ ಬೊಗಸೆಗೆ ಎತ್ತಿ ಹುಯ್ಯುತ್ತಾರೆ, ಮೊಣಕೈಯಿಂದ ಸೋರಿದ್ದು ಹೋಗಿ ಉಳಿದಿದ್ದು ಬಾಯಿಗೆ. ಈಗೆಲ್ಲಿದೆ ಅದೆಲ್ಲ ಎಂದು ಕೇಳುವ ಮಹಾನುಭಾವರು ಒಂದು ದಿನ ಅವನ ಜೊತೆ ನಡೆದು ನೋಡಲಿ.

ದೊಣೆಬಂಡೆ ಇರುವುದು ಮುದ್ದಗೊಂಡನಹಳ್ಳಿಯಿಂದ ಒಂದೂವರೆ ಮೈಲಿ ಮೇಲೆ, ಬಂಡೆಯ ಕೆಳಗೆ. ಯಾವುದೋ ಕಾಲದಲ್ಲಿ ಪ್ಲೇಗು ಬಂದು ಆ ಊರು ಖಾಲಿಯಾಗಿತ್ತು. ಆಮೇಲೆ ದೊಡ್ಡಹನುಮಯ್ಯನ ಪ್ರಾಯದಲ್ಲಿ, ಮುದ್ದಗೊಂಡನಹಳ್ಳಿಯ ಗೌಡರ ಮನೆಯ ಸತ್ತ ಎತ್ತನ್ನು ಎಳೆಯುವುದಿಲ್ಲ ಎಂದು ಅವನದೂ ಸೇರಿ ಏಳು ಮನೆಯವರು ಹಟ ಹಿಡಿದರು. ಊರು ಅವರಿಗೆ ಬಾವಿ ಮುಚ್ಚಿತು, ಕೂಲಿ ಮುಚ್ಚಿತು, ದಾರಿಯನ್ನೂ ಮುಚ್ಚಿತು. ಏಳು ಮನೆಯವರೂ ಮಡಕೆ ಕುಡಿಕೆ ಹೊತ್ತು ಈ ಹಾಳೂರಿಗೆ ಬಂದು, ಬಿದ್ದ ಗೋಡೆಗಳ ಮೇಲೆಯೇ ಗುಡಿಸಲು ಎತ್ತಿದರು. ಈಗ ನಲವತ್ತಮೂರು ಮನೆ. ಇನ್ನೂರ ಹನ್ನೊಂದು ಜನ. ರೇಷನ್ ಕಾರ್ಡು, ಓಟು ಎಲ್ಲ ಮುದ್ದಗೊಂಡನಹಳ್ಳಿ ಕಾಲನಿಯ ಹೆಸರಿನಲ್ಲಿ. ಓಟಿನ ದಿನ ಅವರು ಮುದ್ದಗೊಂಡನಹಳ್ಳಿಯವರು, ಮಿಕ್ಕ ದಿನ ಎಲ್ಲಿಯವರೂ ಅಲ್ಲ. ಬಂಡೆ ಹತ್ತಿ ನಿಂತರೆ ಕ್ಯಾತಗಾನಚೆರ್ಲು ಕಡೆಯ ಸೋಲಾರ್ ಹಲಗೆಗಳು ತುಂಬಿದ ಕೆರೆಯ ಹಾಗೆ ಹೊಳೆಯುತ್ತವೆ. ಅಲ್ಲಿಂದ ಹೊರಟ ಕರೆಂಟು ತಂತಿಯ ಮೇಲೆ ದೊಣೆಬಂಡೆಯ ತಲೆ ದಾಟಿ ಹೋಗುತ್ತದೆ, ಕೆಳಗೆ ಇಳಿಯುವುದಿಲ್ಲ.

ಇನ್ನು ಆ ಬೇಚರಾಕ್ ಎಂಬ ಮಾತಿನ ಕಥೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಹೇಳದೆ ಆಗುವುದಿಲ್ಲ.

ಹದಿನೈದು ವರ್ಷದ ಕೆಳಗೆ ಗಣತಿ ನಡೆದಿತ್ತು. ಆಗಿನ ವಿಲೇಜ್ ಅಕೌಂಟೆಂಟು ಮುದ್ದಗೊಂಡನಹಳ್ಳಿಯ ಚಾವಡಿಯಲ್ಲಿ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ. “ಈ ಬಿಸಿಲಲ್ಲಿ ಆ ಬಂಡೆ ಹತ್ತೋರ್ಯಾರು,” ಎಂದು ಹಳೇ ಪುಸ್ತಕ ನೋಡಿ ಏನೋ ಬರೆದ. “ಸೈನ್ ಹಾಕಯ್ಯ ಇಲ್ಲಿ,” ಎಂದ. ಸಣ್ಣರಂಗಯ್ಯ ನೆಲದ ಮೇಲೆ ಕೂತು, ಕಾಗದವನ್ನು ಬೆಂಚಿನ ತುದಿಗಿಟ್ಟು ಕಷ್ಟಪಟ್ಟು ಓದಿ, “ಬೇಚರಾಕ್ ಅಂದ್ರೇನು ಸ್ವಾಮಿ?” ಎಂದು ಕೇಳಿದ.

“ಹೋಬಳಿ ಊರಿಗೆ ಕಸಬಾ ಅಂತಾರಲ್ಲ, ಹಂಗೆ. ನಿಮ್ಮೂರಿಗೆ ಸರ್ಕಾರ ಕೊಟ್ಟಿರೋ ಬಿರುದು ಕಣಯ್ಯಾ. ಹಾಕು.”

ಹಾಕಿದ. ಅವತ್ತು ಅವನ ಕಾಲು ನೆಲದ ಮೇಲೆ ಇರಲಿಲ್ಲ. ಊರಿಗೆ ಬಂದು ಎಲ್ಲರಿಗೂ ಹೇಳಿದ. ಊರ ಬಾಗಿಲಿನ ಕಲ್ಲಿನ ಮೇಲೆ ಎಣ್ಣೆ ಬಣ್ಣದಲ್ಲಿ ‘ಬೇಚರಾಕ್ ದೊಣೆಬಂಡೆ’ ಎಂದು ಬರೆಸಿದರು. ಮದುವೆ ಕಾಗದಗಳಲ್ಲಿ ಹಾಗೇ ಅಚ್ಚು ಹಾಕಿಸಿದರು. ಅವನ ಮಗಳು ಶ್ರೀಲತಾಳ ಲಗ್ನಪತ್ರಿಕೆಯಲ್ಲಂತೂ ಅದು ಕೆಂಪಕ್ಷರದಲ್ಲಿತ್ತು. ಯಾವ ಊರು ಎಂದು ಯಾರಾದರೂ ಕೇಳಿದರೆ ಊರಿನ ಹೆಂಗಸರು ಸೆರಗು ಸರಿಮಾಡಿಕೊಂಡು, “ನಾವು ಬೇಚರಾಕಿನೋರು,” ಎನ್ನುತ್ತಿದ್ದರು. ಆರು ಅರ್ಜಿಗಳನ್ನೂ ಏಳನೆಯದನ್ನೂ ಊರಿನವರೇ ಕೂತು ಬರೆದಿದ್ದರು. ಎಲ್ಲದರ ತಲೆಯ ಮೇಲೂ ಈ ಕಿರೀಟ.

ಕಿಟಕಿಯಿಂದ ವಾಪಸು ಬಂದ ಅರ್ಜಿ ಹಿಡಿದು ಸಣ್ಣರಂಗಯ್ಯ ಕಚೇರಿ ಮುಂದಿನ ಬೇವಿನ ಮರದ ಕೆಳಗೆ ಬಂದ. ಅಲ್ಲಿ ಶಿರಾದ ಖಲಂದರ್ ಸಾಬರು ಹಳೇ ಟೈಪ್‌ರೈಟರ್ ಇಟ್ಟುಕೊಂಡು ಜನರಿಗೆ ಅರ್ಜಿ ಬರೆದುಕೊಡುತ್ತಾರೆ. ಅವರು ಅರ್ಜಿ ಓದಿದರು. ಕನ್ನಡಕ ತೆಗೆದರು. ಅವರು ನಗಲಿಲ್ಲ.

“ಬೇ ಅಂದ್ರೆ ಇಲ್ಲ. ಚಿರಾಗ್ ಅಂದ್ರೆ ದೀಪ. ನವಾಬರ ಕಾಲದ ಮಾತು ರಂಗಯ್ಯ. ಬೇಚರಾಕ್ ಅಂದ್ರೆ ದೀಪ ಹಚ್ಚೋರಿಲ್ದಿರೋ ಊರು. ಹಾಳೂರು.”

ಸಣ್ಣರಂಗಯ್ಯನಿಗೆ ಕಲ್ಲಿನ ಮೇಲಿನ ಬರಹ ಕಣ್ಣಿಗೆ ಕಟ್ಟಿತು. ಮಗಳ ಲಗ್ನಪತ್ರಿಕೆ ಕಣ್ಣಿಗೆ ಕಟ್ಟಿತು. ಬೀಗರು, ನೆಂಟರು, ಪ್ರೆಸ್ಸಿನವನು, ಓದಿದ ಎಷ್ಟು ಜನ ಒಳಗೊಳಗೇ ನಕ್ಕಿದ್ದಾರೋ. ಆ ಅಕೌಂಟೆಂಟು ನಿವೃತ್ತಿಯಾಗಿ ಎಲ್ಲೋ ಸುಖವಾಗಿದ್ದಾನೆ. ಸೈನು ಮಾತ್ರ ಇವನದು.

ಮನೆಗೆ ಬಂದು ಹೆಂಡತಿ ರಾಮಾಂಜಿನಮ್ಮನಿಗೆ ಹೇಳಿದ. ಅವಳು ಕಡಲೆಕಾಯಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

“ನೀನೇ ಸೈನ್ ಹಾಕ್ದಾ?”

“ಹಾಕ್ದೆ.”

“ಮೂವತ್ ವರ್ಸ ಅವ್ರ ಕಲ್ಲು ಹೊತ್ತೆ. ಕೊನೆಗೆ ನಮ್ಮುನ್ನ ಅದೇ ಕಲ್ಲಿನ ಕೆಳಗೆ ಹೂತ್ಬುಟ್ಟಲ್ಲೋ.”

ಅವತ್ತು ಅವಳು ಇಟ್ಟ ಮುದ್ದೆಯನ್ನು ಅವನು ಮುಟ್ಟಲಿಲ್ಲ.

ಎಂಟನೇ ಅರ್ಜಿಯನ್ನು ಖಲಂದರ್ ಸಾಬರೇ ಟೈಪು ಮಾಡಿದರು. ನಲ್ಲಿ ಬೇಡ, ನೀರೂ ಬೇಡ. ನಮ್ಮೂರಲ್ಲಿ ಜನ ಇದ್ದಾರೆ ಎಂದು ಬರೆದುಕೊಳ್ಳಿ, ಇಷ್ಟೇ. ಅದನ್ನು ಹಿಡಿದು ಸಣ್ಣರಂಗಯ್ಯ ಮೂರು ವಾರ ಅಲೆದ. ಸರ್ವೆಯವರು ಪಂಚಾಯ್ತಿಗೆ ಹೋಗು ಎಂದರು. ಪಂಚಾಯ್ತಿಯವರು, ನಮ್ಮ ಲಿಸ್ಟಿನಲ್ಲಿ ನಿಮ್ಮೂರೇ ಇಲ್ಲ, ನಾಡಕಚೇರಿಗೆ ಹೋಗು ಎಂದರು. ನಾಡಕಚೇರಿಯ ಹುಡುಗಿ ಪಾಪ, ಎರಡು ಸಲ ಒತ್ತಿ ನೋಡಿದಳು.

“ಕಂಪ್ಯೂಟರ್ ತಗೋತಿಲ್ಲ ತಾತ. ಮೊದ್ಲು ಸ್ಥಳ ಪರಿಶೀಲನೆ ಆಗ್ಬೇಕು.”

“ಬಂದು ನೋಡ್ಲಿ ತಾಯಿ. ಯಾರು ಬತ್ತಾರೆ?”

“ಆರ್ಡರ್ ಆದ್ರೆ ಬರ್ತಾರೆ. ಅರ್ಜಿ ಬಂದ್ರೆ ಆರ್ಡರ್ ಆಗುತ್ತೆ.”

“ಅರ್ಜಿ ಕೊಟ್ಟಿವ್ನಲ್ಲ.”

“ಇದು ಜನ ಇಲ್ದಿರೋ ಊರಿಂದ ಬಂದಿದೆ. ತಗೊಳಕ್ಕೆ ಬರಲ್ಲ.”

ಅವನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಆ ಗೋಡೆಗೆ ಸುಣ್ಣ ಹೊಡೆದಿದ್ದವನೂ ಅವನೇ.

ಇದಾಗಿ ನಾಲ್ಕು ದಿನಕ್ಕೆ, ಒಂದು ಸೋಮವಾರ, ಗೌರೀಶ್ ಫೋನು ಮಾಡಿದ. ಈಗಿನ ಗ್ರಾಮ ಆಡಳಿತಾಧಿಕಾರಿ. ಹುಡುಗ ಕೆಟ್ಟವನಲ್ಲ, ಆದರೆ ಮೇಲಿನವರು ಕೆಮ್ಮಿದರೆ ಇವನಿಗೆ ಜ್ವರ ಬರುತ್ತದೆ.

“ರಂಗಯ್ಯಾ, ತಮಟೆ ತಗೊಂಡು ಚಾವಡಿ ಹತ್ರ ಬಾ. ಆರ್.ಐ. ಸಾಹೇಬ್ರು ಬಂದಿದಾರೆ. ಒಂದು ಸಾರೋದಿದೆ.”

ತಮಟೆ ಹೆಗಲಿಗೆ ಹಾಕಿಕೊಂಡು ಹೋದ. ಹುಣಸೆ ಮರದ ಕೆಳಗೆ ಜೀಪು ನಿಂತಿತ್ತು. ರೆವಿನ್ಯೂ ಇನ್‌ಸ್ಪೆಕ್ಟರ್ ಕಿರಣ್‌ಕುಮಾರ್ ಚಾವಡಿಯ ಕುರ್ಚಿಯಲ್ಲಿ ಕೂತು ಎಳನೀರು ಕುಡಿಯುತ್ತಿದ್ದ. ಪಕ್ಕದಲ್ಲಿ ಮುದ್ದಗೊಂಡನಹಳ್ಳಿಯ ಹಿರಿಯ ಕದರಪ್ಪ. ಮಹಜರು ಎಂದು ಮೇಲೆ ಬರೆದ ಕಾಗದಕ್ಕೆ ಕದರಪ್ಪ ಆಗಲೇ ಸಾಕ್ಷಿ ಸೈನು ಹಾಕಿಯೂ ಆಗಿತ್ತು.

ಗೌರೀಶ್ ಮುಖ ಎತ್ತದೆ ಓದಿದ. ದೊಣೆಬಂಡೆ ಬೇಚರಾಕ್ ಗ್ರಾಮದ ಅರವತ್ತೆರಡು ಎಕರೆ ಸರ್ಕಾರಿ ಜಾಗವನ್ನು ಒಂದು ಕಂಪನಿಯ ಕರೆಂಟ್ ಸ್ಟೇಷನ್ನಿಗೆ ಕೊಡುತ್ತಾರೆ. ತಕರಾರಿದ್ದವರು ಏಳು ದಿನದಲ್ಲಿ ಹೇಳಬೇಕು. ಆಮೇಲೆ ಕೊನೆಯ ಸಾಲು: ‘ಸದರಿ ಗ್ರಾಮದಲ್ಲಿ ತಮಟೆ ಮೂಲಕ ಸಾರಲಾಗಿ, ಸದರಿ ಗ್ರಾಮದಲ್ಲಿ ಜನವಸತಿ ಇಲ್ಲದ ಕಾರಣ ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ.’

“ಇನ್ನೂ ಸಾರೇ ಇಲ್ವಲ್ಲ ಸ್ವಾಮಿ,” ಎಂದ ಸಣ್ಣರಂಗಯ್ಯ.

“ಎಂಟು ದಿನ ಹಿಂದಿನ ತಾರೀಕು ಹಾಕಿದೀವಿ,” ಎಂದ ಕಿರಣ್‌ಕುಮಾರ್. “ಸುಮ್ನೆ ಸೈನ್ ಹಾಕಿ, ಅಲ್ಲಿ ಹೋಗಿ ಒಂದು ಫೋಟೋಗೆ ನಿಂತ್ಕೊ. ಮುಗೀತು.”

ಕಾಗದದ ಕೆಳಗೆ ಇವನ ಹೆಸರೂ ಇತ್ತು. ಸಾರಿದವರು: ಸಣ್ಣರಂಗಯ್ಯ ಬಿನ್ ದೊಡ್ಡಹನುಮಯ್ಯ, ವಾಸ: ಮುದ್ದಗೊಂಡನಹಳ್ಳಿ.

ಆ ‘ವಾಸ’ದ ಮೇಲೆ ಅವನ ಬೆರಳು ನಿಂತಿತು. ನಲವತ್ತಮೂರು ಮನೆಯ ಮೇಲೆ ಜೆಸಿಬಿ ಓಡಿಸುವುದಕ್ಕೆ ಇವನ ಸೈನು ಬೇಕು. ಸೈನು ಹಾಕುವುದಕ್ಕೆ ಇವನು ಬದುಕಿರಬೇಕು. ಅದಕ್ಕೇ ಇವನೊಬ್ಬನನ್ನು ಎತ್ತಿ ಮುದ್ದಗೊಂಡನಹಳ್ಳಿಯಲ್ಲಿ ಇಟ್ಟಿದ್ದಾರೆ. ಯಾವ ಊರು ಅವನಪ್ಪನನ್ನು ಹೊರಗೆ ಹಾಕಿತೋ ಆ ಊರಲ್ಲಿ.

“ಸಾರಿ ಬುಡ್ತೀನಿ ಸ್ವಾಮಿ. ಆಮ್ಯಾಕೆ ಸೈನು,” ಎಂದ.

ಜೀಪು ಹೊರಟಿತು. ಅವನು ಹಿಂದೆ ಹತ್ತಲು ಹೋದರೆ ಡ್ರೈವರು, “ತಮಟೆ ಬ್ಯಾಡ ಕಣಪ್ಪ, ಚರ್ಮದ ವಾಸ್ನೆ ಕೂರುತ್ತೆ,” ಎಂದ. ಸಾಹೇಬರು ಕೇಳಿಸದವರ ಹಾಗೆ ಮೊಬೈಲು ನೋಡುತ್ತಿದ್ದರು. ಒಂದೂವರೆ ಮೈಲಿ ಜೀಪಿನ ಧೂಳು ಕುಡಿಯುತ್ತ ಹತ್ತಿದ. ಹೆಗಲ ಗಂಟಿಗೆ ತಮಟೆಯ ಹಗ್ಗ ಉಜ್ಜುತ್ತಿತ್ತು. ಅದು ಅವನಿಗೆ ಹೊಸದೇನೂ ಅಲ್ಲ. ಆದರೆ ಅವತ್ತು ಒಂದೊಂದು ಹೆಜ್ಜೆಗೂ ಅವನಿಗೆ ಅದು ಗೊತ್ತಾಗುತ್ತಿತ್ತು.

ಊರ ಬಾಗಿಲಿನ ಕಲ್ಲಿನ ಹತ್ತಿರ ಗೌರೀಶ್ ಮೊಬೈಲು ಹಿಡಿದು ನಿಂತಿದ್ದ. ಜಾಗದ ಗುರುತು ಫೋಟೋದ ಮೇಲೆ ತಾನಾಗಿಯೇ ಮೂಡುತ್ತದಂತೆ.

“ಬಂಡೆ ಕಡೆ ತಿರುಗ್ಕೊಂಡು ಬಾರ್ಸು ರಂಗಯ್ಯ. ಹಿಂದೆ ಮನೆಗಳು ಬೀಳ್ಬಾರ್ದು.”

ಸಣ್ಣರಂಗಯ್ಯ ಒಣಹುಲ್ಲು ಕೂಡಿಸಿ ಬೆಂಕಿ ಮಾಡಿದ. ತಮಟೆ ಕಾಯಿಸಿದ. ಅವಸರ ಮಾಡಲಿಲ್ಲ. ಚರ್ಮ ಬಿಗಿದು ಟಣ್ ಎನ್ನುವವರೆಗೆ ಸಾಹೇಬರು ಮೂರು ಸಲ ಗಡಿಯಾರ ನೋಡಿದರು.

ಅವನ ಅಪ್ಪ ಅವನಿಗೆ ಎರಡು ಪೆಟ್ಟು ಕಲಿಸಿದ್ದ. ಒಂದು ಸಾರುವ ಪೆಟ್ಟು, ಚುರುಕಾದದ್ದು. ಅದು ಸರ್ಕಾರದ್ದು. ಅದಕ್ಕೆ ಕಿವಿ ಕೊಟ್ಟರೆ ಸಾಕು. ಇನ್ನೊಂದು ಸಾವಿನ ಪೆಟ್ಟು. ಎರಡು ಬಿಗಿ ಏಟು, ಒಂದು ದೀರ್ಘ ಏಟು, ಆಮೇಲೆ ಉಸಿರು ಬಿಡುವಷ್ಟು ಮೌನ. ಅದು ಕೇಳಿದರೆ ಹೊಲದಲ್ಲಿದ್ದವರು ಕುಡುಗೋಲು ಇಟ್ಟು ಬರಬೇಕು, ಉಣ್ಣುತ್ತಿದ್ದವರು ಎಂಜಲ ಕೈಯಲ್ಲೇ ಏಳಬೇಕು. ಮನೆ ಮನೆಯವರೆಲ್ಲ ಬರಬೇಕು. ಬರದವರ ಮನೆಯ ಸಾವಿಗೆ ನಾಳೆ ಹೆಗಲು ಕೊಡುವವರಿಲ್ಲ. ದೊಣೆಬಂಡೆ ಮೊದಲ ದಿನದಿಂದ ನಡೆಸಿಕೊಂಡು ಬಂದ ಕಟ್ಟು ಅದೊಂದೇ.

ಸಣ್ಣರಂಗಯ್ಯ ಬಂಡೆಗೆ ಬೆನ್ನು ಹಾಕಿ, ಊರ ಕಡೆ ತಿರುಗಿ ನಿಂತ. ಕಡ್ಡಿ ಎತ್ತಿದ. ಸಾವಿನ ಪೆಟ್ಟು ಬಾರಿಸಿದ.

“ಆ ಕಡೆ ಅಲ್ಲಯ್ಯಾ!” ಎಂದು ಗೌರೀಶ್ ಕೂಗಿದ. ಅವನಿಗೆ ಪೆಟ್ಟಿನ ವ್ಯತ್ಯಾಸ ಎಲ್ಲಿ ತಿಳಿಯಬೇಕು.

ಮೊದಲು ರಾಮಾಂಜಿನಮ್ಮ ಬಂದಳು, ಕೈಯೆಲ್ಲ ಹಿಟ್ಟು. ಕಡಲೆಕಾಯಿ ಹೊಲದಿಂದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಓಡಿ ಬಂದರು. ಕಲ್ಲು ಒಡೆಯುವ ಕಡೆಯಿಂದ ಗಂಡಸರು ಮೈತುಂಬ ಬಿಳಿ ಪುಡಿ ಮೆತ್ತಿಕೊಂಡು ಬಂದರು. ಕಂಕುಳ ಕೂಸುಗಳು ಬಂದವು. ಗೌರೀಶ್ ಆ ಕಡೆ ಈ ಕಡೆ ಮೊಬೈಲು ತಿರುಗಿಸಿದ. ಎಲ್ಲಿ ತಿರುಗಿಸಿದರೂ ಜನ ಬೀಳುತ್ತಿದ್ದರು. ಕೊನೆಗೆ ಎಂಬತ್ತು ದಾಟಿದ ಕೊಲ್ಲಾಪುರಮ್ಮ ಕೋಲೂರಿಕೊಂಡು ಬಂದಳು. ಅವಳು ಆ ಏಳು ಮನೆಯ ಕಾಲದವಳು, ದುಃಖಕ್ಕೆ ಅವಳ ಬಾಯಲ್ಲಿ ತೆಲುಗೇ ಬರುವುದು.

“ಎವುರಪ್ಪಾ ಪೋಯಿಂದಿ? ಯಾರ್ಲಾ ಹೋಗಿದ್ದು ರಂಗಾ?”

ಸಣ್ಣರಂಗಯ್ಯ ಕಡ್ಡಿ ಇಳಿಸಿದ.

“ನಾವೇ ಕಣಮ್ಮೋ. ಇನ್ನೂರಾ ಹನ್ನೊಂದು ಜನಾನೂ ಹೋಗಿದ್ದೀವಂತೆ. ಈ ಸ್ವಾಮೇರು ಪೇಪರ್ನಾಗೆ ಬರ್ಕೊಂಡ್ ಬಂದವ್ರೆ. ಹದಿನೈದು ವರ್ಸದ ಕೆಳಗೆ ನಾನೇ ಸೈನ್ ಹಾಕಿವ್ನಿ. ಗೊತ್ತಿಲ್ದೆ ಹಾಕ್ಬುಟ್ಟೆ. ಈವತ್ತು ಇನ್ನೊಂದು ಹಾಕು ಅಂತಾವ್ರೆ.”

ಕೊಲ್ಲಾಪುರಮ್ಮ ಕಿರಣ್‌ಕುಮಾರನ ಹತ್ತಿರ ಹೋಗಿ, ಕುತ್ತಿಗೆ ಎತ್ತಿ ಅವನ ಮುಖ ನೋಡಿದಳು.

“ನನ್ನ ಸಾವಿಗೆ ಬಂದೀಯೇನಪ್ಪಾ? ಬರಿಗೈಲಿ ಬಂದಿದೀಯಲ್ಲ. ಒಂದು ಹೂವಾದ್ರೂ ತರಬಾರ್ದಾ?”

ಕಿರಣ್‌ಕುಮಾರನ ಮುಖ ಕೆಂಪಾಯಿತು. “ಲೇ ರಂಗ, ಗುಂಪು ಕಟ್ತೀಯೇನೋ? ನಿನ್ನ ಕೆಲ್ಸ ಇನ್ನು ಮೂರು ವರ್ಷ ಇದೆ, ನೆನಪಿರ್ಲಿ. ಸೈನ್ ಹಾಕು!”

“ಹಾಕ್ತೀನಿ ಸ್ವಾಮಿ. ಅಕಾ ನೋಡಿ, ಆ ನೀಲಿ ಬಾಗ್ಲು ನಂದು. ವಾಸ ಅನ್ನೋ ಕಡೆ ದೊಣೆಬಂಡೆ ಅಂತ ತಿದ್ದಿ. ಈಗ್ಲೇ ಹಾಕ್ತೀನಿ.”

“ಅದೆಂಗಾಗುತ್ತೆ? ಜನವಸತಿ ಇಲ್ಲ ಅಂತ ಮೇಲೆ ಬರೆದಿದೆ!”

“ಅಂಗಾದ್ರೆ ಸಾರೋನೂ ಇಲ್ಲ.” ಅವನು ಕುತ್ತಿಗೆಯಿಂದ ತಮಟೆ ಬಿಚ್ಚಿದ. ಎರಡೂ ಕೈಯಲ್ಲಿ ಮುಂದೆ ಹಿಡಿದ. “ಜನ ಇಲ್ದಿರೋ ಊರಾಗೆ ತಮಟೆ ಬಾರ್ಸೋನು ಎಲ್ಲಿಂದ ಬತ್ತಾನೆ ಸ್ವಾಮಿ? ನೀವೇ ಬಾರ್ಸಿ. ತಗೊಳ್ಳಿ.”

ಕಿರಣ್‌ಕುಮಾರ್ ಎರಡು ಹೆಜ್ಜೆ ಹಿಂದೆ ಸರಿದ. ಹಾವು ಕಂಡವನ ಹಾಗೆ. ಇಷ್ಟು ದಿನ ಊರಿಗೆಲ್ಲ ಸರ್ಕಾರದ ಮಾತು ಮುಟ್ಟಿಸಿದ್ದು ಆ ಚರ್ಮವೇ, ಅದನ್ನು ಮುಟ್ಟುವುದಕ್ಕೆ ಸರ್ಕಾರದ ಕೈ ಮುಂದೆ ಬರಲಿಲ್ಲ. ತಮಟೆ ಗೌರೀಶನ ಕಡೆ ತಿರುಗಿತು. ಗೌರೀಶ್ ನೆಲ ನೋಡಿದ. ಡ್ರೈವರ್ ಜೀಪು ಚಾಲು ಮಾಡಿದ.

“ತಾಲೂಕಿಗೆ ನೀನೊಬ್ನೇ ತೋಟಿ ಅಲ್ಲ ಕಣೋ,” ಎಂದು ಸಾಹೇಬರು ಜೀಪಿನೊಳಗಿಂದ ಹೇಳಿ ಹೋದರು. ನಿಜವೇ. ನಾಳೆ ಇನ್ನೊಬ್ಬನನ್ನು ಕರೆತರಬಹುದು, ಇನ್ನೊಂದು ಕಾಗದ ಟೈಪು ಮಾಡಬಹುದು. ಜೀಪು ಹೋಗಿದ್ದಕ್ಕೆ ಗೆದ್ದೆವೆಂದು ಊರಿನವರು ಯಾರೂ ಕುಣಿಯಲಿಲ್ಲ. ರಾಮಾಂಜಿನಮ್ಮ ಗಂಡನ ಕೈಯಿಂದ ತಮಟೆ ಇಸಿದುಕೊಂಡು ತಾನೇ ಹೊತ್ತು ಮನೆಗೆ ನಡೆದಳು. ಅಷ್ಟೇ.

ಶುಕ್ರವಾರ ಪಕ್ಕದ ಊರಿನ ತೋಟಿ ಭೀಮರಾಜು ಸೈಕಲ್ಲಿನಲ್ಲಿ ಬಂದ. ಕೈಯಲ್ಲಿ ಲಕೋಟೆ.

“ನನ್ನೂ ಕರೆದಿದ್ರು ಅಣ್ಣ, ನಿಮ್ಮೂರಾಗೆ ಸಾರಾಕೆ. ತಮಟೆ ಹರಿದೈತೆ ಅಂದ್ಬುಟ್ಟೆ. ಆಗ್ಲಿ, ಇದ್ನಾದ್ರೂ ಕೊಟ್ ಬಾ ಅಂತ ಕಳ್ಸವ್ರೆ.” ಅವನ ದನಿ ಇಳಿಯಿತು. “ನಿನ್ನ ಕೆಲ್ಸದಿಂದ ತೆಗೆದವ್ರೆ ಅಣ್ಣ.”

ರಾಮಾಂಜಿನಮ್ಮ ಒಳಗಿಂದ ಹೊಸ್ತಿಲಿಗೆ ಬಂದಳು. ಸಣ್ಣರಂಗಯ್ಯ ಕಾಗದ ಬಿಡಿಸಿ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ. ಒಂದು ಸಾಲಿನ ಹತ್ತಿರ ನಿಂತ. ಮತ್ತೆ ಮೊದಲಿನಿಂದ ಓದಿದ. ಅವನ ಎದೆಯಿಂದ ಏನೋ ಸದ್ದು ಬಂತು, ನಗುವೋ ಅಳುವೋ ಅವನಿಗೇ ಗೊತ್ತಾಗಲಿಲ್ಲ.

“ಕೆಲ್ಸ ಹೋಗೈತೆ, ನಗ್ತೀಯಲ್ಲೋ!” ಎಂದು ರಾಮಾಂಜಿನಮ್ಮ ಬೈದಳು.

“ಕೇಳಿಲ್ಲಿ. ಗಟ್ಟಿಯಾಗಿ ಓದ್ತೀನಿ ಕೇಳು.” ಬೆರಳಿಟ್ಟು ಓದಿದ. “‘ಸದರಿ ಸಣ್ಣರಂಗಯ್ಯ, ವಾಸ ದೊಣೆಬಂಡೆ ಗ್ರಾಮ, ಇವರು ಸದರಿ ಗ್ರಾಮದ ಸುಮಾರು ಇನ್ನೂರು ಜನ ನಿವಾಸಿಗಳನ್ನು ಗುಂಪುಗೂಡಿಸಿ ಸರ್ಕಾರಿ ಕರ್ತವ್ಯಕ್ಕೆ ಅಡ್ಡಿಪಡಿಸಿರುತ್ತಾರೆ.’”

ಭೀಮರಾಜು ಬಾಯಿ ಬಿಟ್ಟುಕೊಂಡು ನಿಂತ. ಕೆಳಗೆ ಕಿರಣ್‌ಕುಮಾರನ ವರದಿಯ ನಂಬರು, ತಹಶೀಲ್ದಾರರ ಸೈನು, ದುಂಡು ಮೊಹರು, ತಾರೀಕು, ಎಲ್ಲ ಸರಿಯಾಗಿ ಇದ್ದವು. ಸಣ್ಣರಂಗಯ್ಯ ಕಾಗದವನ್ನು ಮಡಿಸಿ, ಮಗಳ ಲಗ್ನಪತ್ರಿಕೆ ಇದ್ದ ಟ್ರಂಕಿನೊಳಗೆ ಇಟ್ಟು ಬೀಗ ಹಾಕಿದ. ನಾಳೆ ಖಲಂದರ್ ಸಾಬರ ಹತ್ತಿರ ಹೋಗಬೇಕು. ಒಂಬತ್ತನೇ ಅರ್ಜಿ.

“ಸುಮಾರು ಇನ್ನೂರಂತೆ,” ಎಂದ ಹೆಂಡತಿಗೆ, ಸಿಟ್ಟಿನಿಂದಲೇ. “ಇನ್ನೂ ಹನ್ನೊಂದು ಜನ ಬುಟ್ಟವ್ರೆ ಕಣೇ ಬಡ್ಡೀಮಕ್ಳು.”